ನಾಲ್ಕು ಗಂಟೆಯ ಉಸಿರು

ಆ ಪ್ರಶ್ನೆಯನ್ನು ಡಾಕ್ಟರು ಕೇಳದೇ ಇದ್ದಿದ್ದರೆ ನಾನು ನೆಮ್ಮದಿಯಾಗಿ ಸತ್ತುಹೋಗುತ್ತಿದ್ದೆ.

ಕುಶಾಲನಗರದ ಹೊಸ ಆಸ್ಪತ್ರೆಯಲ್ಲಿ ಮಗಳು ಸ್ಪಂದನಾಳ ಗರ್ಭಕೋಶದ ಗಡ್ಡೆಯನ್ನು ರೋಬೋಟ್ ಆಪರೇಷನ್ ಮಾಡಿ ತೆಗೆಯುವುದಿತ್ತು. ಹಿಂದಿನ ದಿನ ಅರಿವಳಿಕೆ ಡಾಕ್ಟರು ಶೋಭಿತಾ ಬಂದು ಹಾಸಿಗೆಯ ಪಕ್ಕ ಕೂತು, "ನಿಮ್ಮ ರಕ್ತಸಂಬಂಧದಲ್ಲಿ ಯಾರಿಗಾದ್ರೂ ಆಪರೇಷನ್ ಆದ್ಮೇಲೆ ಉಸಿರು ಬರೋದು ತಡ ಆಗಿತ್ತಾ?" ಎಂದು ಕೇಳಿದರು.

"ಯಾರಿಗೂ ಇಲ್ಲ ಡಾಕ್ಟ್ರೇ," ಎಂದಳು ಸ್ಪಂದನಾ. "ನಮ್ಮಮ್ಮಂಗೆ ಪಿತ್ತಕೋಶದ ಆಪರೇಷನ್ ಆಗಿತ್ತು. ಎಚ್ಚರ ಆದ ತಕ್ಷಣ ನರ್ಸಿಗೆ ಬೈದಿದ್ರು, ಬೆಡ್‌ಶೀಟ್ ಸುಕ್ಕಾಗಿದೆ ಅಂತ." ಇಬ್ಬರೂ ನಕ್ಕರು. ನಾನು ಮಾತ್ರ ನಗಲಿಲ್ಲ.

ಮೂವತ್ತು ವರ್ಷ ಆಪರೇಷನ್ ಥಿಯೇಟರಿನಲ್ಲಿ ಆಯಾ ಆಗಿದ್ದವಳು ನಾನು, ಕಾಮಾಕ್ಷಮ್ಮ. ಸುಕ್ಕಾದ ಬೆಡ್‌ಶೀಟ್ ಕಂಡರೆ ಇಂದಿಗೂ ಮೈ ಉರಿಯುತ್ತದೆ. ಎಸ್ಟೇಟುಗಳ ನಡುವೆ ಒಂದು ಪುಟ್ಟ ಆಸ್ಪತ್ರೆ, ಪದ್ಮಯ್ಯ ಎಂಬ ಒಬ್ಬರೇ ಡಾಕ್ಟರು. ಸೀಮೆಎಣ್ಣೆ ಸ್ಟೌವಿನ ಮೇಲೆ ಸಿರಿಂಜು ಕುದಿಸುತ್ತಿದ್ದೆವು. ಮಾರ್ಚಿನಲ್ಲಿ ಕಿಟಕಿ ತೆರೆದರೆ ಕಾಫಿ ಹೂವಿನ ಘಮ ಒಳಗಿನ ಈಥರ್ ವಾಸನೆಯ ಜೊತೆ ಸೇರಿ ತಲೆ ಗಿಮ್ಮೆನ್ನುತ್ತಿತ್ತು. ಈಗಿನ ಎ.ಸಿ. ಥಿಯೇಟರಿಗೆ ವಾಸನೆಯೇ ಇಲ್ಲ. ಏನು ಆಸ್ಪತ್ರೆಯೋ!

ಅಂಥ ಒಂದು ಹೂವಿನ ಕಾಲದಲ್ಲಿ ಎಸ್ಟೇಟಿನ ಕೂಲಿಯವರ ಲೈನುಮನೆಯಿಂದ ಬಸುರಿಯೊಬ್ಬಳನ್ನು ಜೀಪಿನಲ್ಲಿ ತಂದರು. ಹೊಟ್ಟೆ ಕೊಯ್ದೇ ಮಗು ತೆಗೆಯಬೇಕಾಯಿತು. ಮಗು ಕಿಟಾರನೆ ಕಿರುಚಿತು, ತಾಯಿ ಉಸಿರಾಡಲಿಲ್ಲ. ಮೈ ಸಡಿಲಿಸಲು ಕೊಟ್ಟಿದ್ದ ಇಂಜೆಕ್ಷನ್ ಹತ್ತು ನಿಮಿಷಕ್ಕೆ ಇಳಿಯಬೇಕಿತ್ತು, ಇಳಿಯಲೇ ಇಲ್ಲ. "ಕಾಮಾಕ್ಷಿ, ಬ್ಯಾಗ್ ಮಾತ್ರ ಬಿಡ್ಬೇಡ," ಎಂದರು ಪದ್ಮಯ್ಯ. ಕಪ್ಪು ರಬ್ಬರಿನ ಚೀಲ ಅದು. ಒತ್ತಿದರೆ ಅವಳ ಎದೆ ಏರುತ್ತಿತ್ತು, ಬಿಟ್ಟರೆ ಇಳಿಯುತ್ತಿತ್ತು. ಸ್ವಲ್ಪ ಹೊತ್ತು ನಾನು, ಸ್ವಲ್ಪ ಹೊತ್ತು ಅವರು, ನಾಲ್ಕು ಗಂಟೆ ಒತ್ತಿದೆವು. ಕೊನೆಗೆ ಅವಳ ಹುಬ್ಬು ಅಲುಗಿದಾಗ ಡಾಕ್ಟರು ಅಲ್ಲೇ ನೆಲದ ಮೇಲೆ ಕೂತು ಮುಖ ಒರೆಸಿಕೊಂಡರು.

ಕಾಫಿ ಹಣ್ಣು ಕೊಯ್ಯುವ ಪಿಕಿಂಗ್ ಕೆಲಸ ಮುಗಿದಿತ್ತು. ಹತ್ತನೇ ದಿನ ಅವಳ ಜನ ಊರಿಗೆ ಹೊರಟರು. ಅವಳಿಗೆ ಮೊದಲೇ ನಾಲ್ಕು ಮಕ್ಕಳು. "ಅಕ್ಕಾ, ಇದು ನಿಂಗೇ ಇರ್ಲಿ. ನನ್ ಹತ್ರ ಇದ್ರೆ ಉಳಿಯಾಕಿಲ್ಲ," ಎಂದು ಮಗುವನ್ನು ನನ್ನ ಮಡಿಲಿಗೆ ಹಾಕಿದಳು. ಮದುವೆಯಾಗಿ ಹನ್ನೊಂದು ವರ್ಷ ಕಳೆದಿದ್ದರೂ ನನಗೆ ಮಕ್ಕಳಿರಲಿಲ್ಲ. ಆಸೆಬುರುಕಿ ನಾನು, ಬಾಯಿಮಾತಿಗೂ ಬೇಡ ಎನ್ನಲಿಲ್ಲ. ವಿಷಯ ತಿಳಿದಿದ್ದವರು ನಮ್ಮ ಯಜಮಾನರು ಮತ್ತು ಪದ್ಮಯ್ಯ. ಇಬ್ಬರೂ ಈಗಿಲ್ಲ.

ಶೋಭಿತಾ ಫೈಲ್ ಮುಚ್ಚಿ ಎದ್ದರು. ನಾನು ಸುಮ್ಮನಿದ್ದರೆ ಮಗಳು ನನ್ನವಳಾಗಿಯೇ ಇರುತ್ತಾಳೆ. ಆದರೆ ಇವಳಿಗೂ ಅದೇ ಇಂಜೆಕ್ಷನ್ ಕೊಟ್ಟುಬಿಟ್ಟರೆ?

"ಕೂತ್ಕೊಳಿ ಡಾಕ್ಟ್ರೇ," ಎಂದೆ. "ಇವಳನ್ನ ಹೆತ್ತಿದ್ದು ನಾನಲ್ಲ. ಹೆತ್ತೋಳಿಗೆ ನಾಲ್ಕು ಗಂಟೆ ಉಸಿರು ಬಂದಿರ್ಲಿಲ್ಲ."

ಒಂದೂ ಬಿಡದೆ ಹೇಳಿದೆ. ಶೋಭಿತಾ ಬರೆದುಕೊಂಡರು. "ಹೇಳಿದ್ದು ಒಳ್ಳೇದಾಯ್ತಮ್ಮ. ಕೆಲವರ ರಕ್ತಕ್ಕೆ ಆ ಔಷಧಿ ಕರಗಿಸೋ ಶಕ್ತಿ ಇರಲ್ಲ, ಅದು ಮಕ್ಕಳಿಗೂ ಬರ್ಬೋದು. ಅದನ್ನ ನಾವು ಮುಟ್ಟೋದೇ ಇಲ್ಲ. ಬೇರೆ ಔಷಧಿ ಇದೆ, ಅದನ್ನ ಇಳಿಸೋಕೆ ಇಂಜೆಕ್ಷನ್ನೂ ಇದೆ."

ಸ್ಪಂದನಾ ಗೋಡೆಯ ಕಡೆ ತಿರುಗಿ ಮಲಗಿದಳು. ಮರುದಿನ ಬೆಳಗ್ಗೆ ಸ್ಟ್ರೆಚರ್ ಮೇಲೆ ಹೋಗುವವರೆಗೂ ನನ್ನತ್ತ ನೋಡಲಿಲ್ಲ. ಬಾಯಿಗೆ ಬಂದಂತೆ ಬೈದಿದ್ದರೂ ತಡೆದುಕೊಳ್ಳುತ್ತಿದ್ದೆ.

ಮಧ್ಯಾಹ್ನ ಶೋಭಿತಾ ಹೊರಗೆ ಬಂದರು. ಮಣಿಕಟ್ಟಿಗೆ ತಂತಿ ಅಂಟಿಸಿ ನಾಲ್ಕು ಸಲ ಸಣ್ಣಗೆ ಕರೆಂಟ್ ಕೊಟ್ಟು ನೋಡುತ್ತಾರಂತೆ. "ಹೆಬ್ಬೆರಳು ನಾಲ್ಕು ಸಲವೂ ಒಂದೇ ಸಮ ಅಲ್ಲಾಡ್ತು. ಔಷಧಿ ಪೂರ್ತಿ ಇಳಿದಿದೆ, ಗಂಟಲ ಪೈಪ್ ತೆಗ್ದಿದೀವಿ. ಬನ್ನಿ," ಎಂದರು.

ಅವಳ ಎದೆ ತಾನಾಗಿಯೇ ಏರಿಳಿಯುತ್ತಿತ್ತು. ಆದರೂ ಸೆರಗಿನೊಳಗೆ ನನ್ನ ಬೆರಳುಗಳು ಒತ್ತುತ್ತಾ ಬಿಡುತ್ತಾ ಇದ್ದವು. ಎಂಥಾ ಹುಚ್ಚು ನೋಡಿ!

"ತಲೆ ಎತ್ತಿ, ನಾನು ಐದು ಎಣಿಸೋವರೆಗೂ," ಎಂದಳು ನರ್ಸು. ಸ್ಪಂದನಾ ಎತ್ತಿದಳು. ಕಣ್ಣು ಬಿಟ್ಟು ನನ್ನನ್ನೇ ನೋಡಿದಳು.

"ಸಿಟ್ಟಿದ್ರೆ ಬೈದುಬಿಡು ಮಗಾ," ಎಂದೆ. "ಮಾತು ಬಿಡ್ಬೇಡ."

ಅವಳು ಒಣಗಿದ ತುಟಿ ಸವರಿಕೊಂಡಳು.

"ಅವ್ರ ಹೆಸ್ರೇನಮ್ಮ?"

ಮೂವತ್ನಾಲ್ಕು ಹುಟ್ಟುಹಬ್ಬಗಳಲ್ಲಿ ಒಂದು ದಿನವೂ ನಾನು ಬಾಯಿಗೆ ತರದಿದ್ದ ಹೆಸರು. ಹೇಳಿದರೆ ಮಗಳು ಅವಳ ಪಾಲಾಗುತ್ತಾಳೆಂದು ಹೆದರಿಕೆ. ಹೆದರಿಕೆಯೇನು, ಹೊಟ್ಟೆಕಿಚ್ಚು.

"ಕೆಂಪಿ," ಎಂದೆ. "ನಿನ್ ಥರಾನೇ ಗುಂಗುರು ಕೂದ್ಲು."

ಸ್ಪಂದನಾ ನನ್ನ ಕೈ ಎಳೆದು ಕೆನ್ನೆಗೆ ಒತ್ತಿಕೊಂಡಳು. "ಇನ್ನೊಂದ್ಸಲ ಹೇಳಮ್ಮ," ಎಂದಳು.

ಹೇಳಿದೆ. ಅಳು ತಡೆಯಲಾಗಲಿಲ್ಲ.