ಯಾರೂ ಹಾಕಿಸದ ವಾಲ್ವ್

ಊರಿನ ನೀರಿನ ವ್ಯವಸ್ಥೆಯನ್ನೆಲ್ಲ ಅಮ್ಮ ಒಬ್ಬಳೇ ಯೋಚಿಸಿ ಕಟ್ಟಿಸಿದ್ದಳು. ಅಂಥ ಮೇಧಾವಿ ಇನ್ನೊಬ್ಬರಿಲ್ಲ ಎಂದು ಎಲ್ಲರೂ ಕೊಂಡಾಡುತ್ತಿದ್ದರು. ಅವಳು ನಿವೃತ್ತಳಾದ ಮೇಲೆ ಅದೇ ಪಂಪ್‌ಹೌಸಿಗೆ ಮಗಳು ಎಂಜಿನಿಯರಾಗಿ ಬಂದಳು. ನೆಲಮಾಳಿಗೆಯಲ್ಲಿ ವಾಲ್ವೊಂದು ತಾನಾಗಿಯೇ ತಿರುಗುವುದನ್ನು ಕಂಡು ಅಮ್ಮನನ್ನು ಕರೆಸಿದಳು.

ಅಮ್ಮ ಪೈಪಿಗೆ ಕಿವಿಯಿಟ್ಟಳು. ತಟ್ಟನೆ ಎರಡು ಹೆಜ್ಜೆ ಹಿಂದೆ ಸರಿದಳು.

"ಇದು ನಾನು ಹಾಕಿಸಿದ್ದಲ್ಲ ಕಣೇ."

"ಆಮೇಲೂ ಯಾರೂ ಹಾಕಿಸಿಲ್ಲಮ್ಮ, ಎಲ್ಲರನ್ನೂ ಕೇಳಿದೀನಿ. ನಿಲ್ಲಿಸಿಬಿಡ್ಲಾ?"

ಮಗಳು ವಾಲ್ವಿನ ಚಕ್ರ ಹಿಡಿದು ಅರ್ಧ ಸುತ್ತು ತಿರುಗಿಸಿದಳು. ಅಷ್ಟೂ ಪಂಪುಗಳು ಒಟ್ಟಿಗೇ ನಿಂತವು. ಅವಳು ಬೆಚ್ಚಿ ಕೈಬಿಟ್ಟಳು. ಚಕ್ರ ತಾನೇ ಹಿಂದಕ್ಕೆ ತಿರುಗಿತು, ಪಂಪುಗಳು ಮತ್ತೆ ಓಡತೊಡಗಿದವು.

"ಮುಟ್ಬೇಡ ಬಾ," ಎಂದಳು ಅಮ್ಮ. "ಈ ನೀರಿನ ವ್ಯವಸ್ಥೆ ಕಟ್ಟಿಸಿದ ನನಗೇ ಇದರ ತಲೆಬುಡ ತಿಳೀತಿಲ್ಲ. ಆ ವಾಲ್ವಿಗೆ ತಿಳಿದಿದೆ."

ಇಬ್ಬರೂ ಬಾಗಿಲು ಹಾಕಿ ಮನೆಗೆ ಬಂದರು. ಮಗಳು ನಲ್ಲಿಯಿಂದ ಲೋಟದಲ್ಲಿ ನೀರು ಹಿಡಿದು ತಂದಿಟ್ಟಳು. ಬಾಯಾರಿದ್ದರೂ ಅಮ್ಮ ಅದನ್ನು ಮುಟ್ಟದೆ ನೋಡುತ್ತಲೇ ಕುಳಿತಳು.