ಅಂಚಿನೊಳಗಿನ ತೂಕ

ನನ್ನ ಅಕ್ಕನ ಬಾಯಿಗೆ ಬೀಗವಿಲ್ಲ ಎಂದು ಊರೆಲ್ಲ ಹೇಳುತ್ತಿತ್ತು. "ಈ ಬಣ್ಣ ಹಾಕಿದ್ರೆ ನಿಮ್ಮ ಮನೆ ಆಸ್ಪತ್ರೆ ಥರ ಕಾಣತ್ತೆ" ಎಂದು ಗಿರಾಕಿಯ ಮುಖಕ್ಕೆ ಹೊಡೆದಂತೆ ಹೇಳಿ, ಬಂದ ಕೆಲಸವನ್ನು ಓಡಿಸುವವಳು ಅವಳು. ನಮ್ಮದು ಪರದೆ ಹೊಲಿಯುವ ಅಂಗಡಿ. ಅವಳು ಕತ್ತರಿಸುತ್ತಾಳೆ, ನಾನು ಹೊಲಿಯುತ್ತೇನೆ. ಭಾವ ಮನೆಮನೆಗೆ ಹೋಗಿ ಕಿಟಕಿಯ ಅಳತೆ ತೆಗೆದು, ಹೊಲಿದದ್ದನ್ನು ನೇತುಹಾಕಿ ಬರುತ್ತಾರೆ. ನಮ್ಮಿಬ್ಬರ ಬಾಯಿಗೆ ಹೆದರಿಯೇ ಅವರು ಹೊರಗಿನ ಕೆಲಸ ಹಿಡಿದದ್ದು ಎಂದು ಅಕ್ಕ ನಗುತ್ತಿದ್ದಳು.

ಅವಳಿಗೆ ಗರ್ಭಕೋಶದ ಒಳಪದರದ ಕ್ಯಾನ್ಸರ್. ಗರ್ಭಕೋಶ ತೆಗೆಸಿದ್ದಾಯಿತು, ಕೀಮೋ ಆಯಿತು, ಉದುರಿದ ಕೂದಲು ಮತ್ತೆ ಬಂತು. ಕೂದಲಿನ ಹಿಂದೆಯೇ ಆ ಹಾಳು ರೋಗವೂ ಬಂತು, ಈ ಸಲ ಹೊಟ್ಟೆಯೊಳಗೆ ಅಲ್ಲಲ್ಲಿ ಗಡ್ಡೆಯಾಗಿ. ಡಾಕ್ಟರಮ್ಮ ಗಡ್ಡೆಯ ಚೂರನ್ನು ಪರೀಕ್ಷೆಗೆ ಕಳಿಸಿ, ಇದಕ್ಕೆ ಇಮ್ಯುನೋಥೆರಪಿ ಹಿಡಿಯುವ ಸಂಭವ ಚೆನ್ನಾಗಿದೆ ಎಂದರು.

"ಈ ಔಷಧ ತಾನಾಗಿ ಗಡ್ಡೆನ ಕೊಲ್ಲಲ್ಲ. ನಿಮ್ಮ ಮೈಯಲ್ಲಿರೋ ಕಾವಲು ಅದನ್ನ ಗುರುತು ಹಿಡಿಯೋ ಹಾಗೆ ಮಾಡತ್ತೆ. ಒಂದೊಂದ್ಸಲ ಆ ಕಾವಲು ನಿಮ್ಮ ಮೇಲೇ ತಿರುಗಿ ಬೀಳಬಹುದು. ಭೇದಿ ಶುರುವಾದ್ರೆ, ಉಸಿರು ಕಟ್ಟಿದ್ರೆ, ಅವತ್ತೇ ಫೋನ್ ಮಾಡ್ಬೇಕು."

"ಕಾಯೋರೇ ಹೊಡೆಯೋದಾ?" ಎಂದು ಅಕ್ಕ ನನ್ನ ಕಡೆ ತಿರುಗಿದಳು. "ನಿನ್ನ ಹಾಗೇ ಕಣೇ."

ಔಷಧ ಹಿಡಿಯಿತು. ಮೊದಲ ಸ್ಕ್ಯಾನಿನಲ್ಲೇ ಗಡ್ಡೆಗಳು ಕುಗ್ಗಿದ್ದವು. ಅಕ್ಕ ಮತ್ತೆ ಕತ್ತರಿ ಹಿಡಿದಳು, ಮತ್ತೆ ಗಿರಾಕಿಗಳನ್ನು ಓಡಿಸಿದಳು. ನನಗೋ ನೆಲದ ಮೇಲೆ ಕಾಲು ನಿಲ್ಲುತ್ತಿರಲಿಲ್ಲ. ಡ್ರಿಪ್ ಹಾಕುವ ಕೋಣೆಯಲ್ಲಿ ಅವಳ ಪಕ್ಕದ ಕುರ್ಚಿಗೆ ಒಬ್ಬ ನಿವೃತ್ತ ಟೀಚರ್ ಬರುತ್ತಿದ್ದರು. ಅದೇ ಕಾಯಿಲೆ, ಅದೇ ಔಷಧ. ಒಂದು ಸಲ ಅವರು ಉಸಿರಾಟಕ್ಕೆ ಕಷ್ಟವಾಗುತ್ತಿದೆ ಎಂದು ನರ್ಸ್ ಹತ್ತಿರ ಹೇಳಿಕೊಂಡರು. ಅವತ್ತೇ ಅವರ ಡ್ರಿಪ್ ನಿಲ್ಲಿಸಿದರು. ಮುಂದಿನ ಸಲ ಕುರ್ಚಿ ಖಾಲಿಯಿತ್ತು.

"ಪಾಪ, ಬಾಯಿಬಿಟ್ಟು ಕೆಟ್ಟರು," ಎಂದಳು ಅಕ್ಕ ಮನೆಗೆ ಬರುವ ದಾರಿಯಲ್ಲಿ. ಅವಳ ಮಾತಿಗೆಲ್ಲ ಎದುರಾಡುವ ನಾನು ಅವತ್ತು ಬಸ್ಸಿನ ನೂಕುನುಗ್ಗಲಿನಲ್ಲಿ ಹೂಂ ಅಂದೆ.

ಆಮೇಲಾಮೇಲೆ ಅವಳ ಕೆನ್ನೆ ಒಳಗೆ ಹೋದಂತೆ ಕಾಣತೊಡಗಿತು. "ಊಟ ಸರಿಯಾಗಿ ಮಾಡ್ತಿದೀಯಾ?" ಎಂದರೆ ಗದರುತ್ತಿದ್ದಳು. ಆದರೆ ಆಸ್ಪತ್ರೆಯಲ್ಲಿ ತೂಕ ನೋಡಿದಾಗಲೆಲ್ಲ ಒಂದಿಷ್ಟೂ ಇಳಿದಿರಲಿಲ್ಲ. "ನಿಮ್ಮಂಥ ಗಟ್ಟಿಗಿತ್ತೀನ ನೋಡೇ ಇಲ್ಲ" ಎಂದು ನರ್ಸ್ ಬೆನ್ನು ತಟ್ಟಿದಳು. ಕಣ್ಣಿಗೆ ಕಂಡದ್ದನ್ನು ಬಿಟ್ಟು ನಾವೆಲ್ಲ ಆ ಯಂತ್ರವನ್ನು ನಂಬಿದೆವು.

ಒಂದು ಮಧ್ಯಾಹ್ನ ಅವಳು ಕತ್ತರಿಸುವ ಮೇಜಿನ ಪಕ್ಕದಲ್ಲೇ ಹೊಟ್ಟೆ ಹಿಡಿದುಕೊಂಡು ಕುಸಿದಳು. ನಾನೂ ಭಾವನೂ ಎತ್ತಿಕೊಂಡು ಆಸ್ಪತ್ರೆಗೆ ಓಡಿದೆವು. ತುರ್ತು ಕೋಣೆಯಲ್ಲಿ ನರ್ಸ್ ಅವಳ ಒಳಲಂಗದ ಲಾಡಿ ಬಿಚ್ಚಿ ಕೆಳಗೆ ಹಾಕಿದಳು. ಬಟ್ಟೆ ಬೀಳುವ ಸದ್ದಲ್ಲ ಅದು. ನೆಲ ಧಡ್ ಎಂದಿತು.

ಕೈಗೆತ್ತಿಕೊಂಡೆ. ಅಂಚಿನ ಸುತ್ತ ಸೀಸದ ಬಿಲ್ಲೆಗಳು. ಪರದೆ ಹಾರದೆ ನೆಟ್ಟಗೆ ನಿಲ್ಲಲೆಂದು ನಾವು ಅಂಚಿನ ಮಡಿಕೆಯೊಳಗೆ ಸೇರಿಸುವ ಬಿಲ್ಲೆಗಳೇ. ಒಂದಕ್ಕೊಂದು ತಾಗಿ ಸದ್ದಾಗಬಾರದೆಂದು ಪ್ರತಿಯೊಂದಕ್ಕೂ ಬೇರೆ ಜೇಬು ಹೊಲಿದಿದ್ದಳು. ಮೈ ಇಳಿದಷ್ಟೂ ಬಿಲ್ಲೆ ಸೇರಿಸುತ್ತಾ ಹೋಗಿದ್ದಳು. ಒಂದು ಸಾಲಿನ ಮೇಲೆ ಇನ್ನೊಂದು ಸಾಲು.

ಅಕ್ಕ ಕಣ್ಣು ತೆರೆದು ನನ್ನನ್ನೇ ನೋಡುತ್ತಿದ್ದಳು. "ಹೇಳ್ಬೇಡ ಕಣೇ," ಎಂದಳು. "ನಿಲ್ಲಿಸಿಬಿಡ್ತಾರೆ."

"ಎಷ್ಟು ದಿನದಿಂದ ಭೇದಿ ನಿಂಗೆ?"

ನಾನು ಲಂಗವನ್ನು ನರ್ಸ್ ಕೈಗೆ ತುರುಕಿ, ಇಡೀ ಕೋಣೆಗೆ ಕೇಳುವಂತೆ ಕಿರುಚಿ ಎಲ್ಲವನ್ನೂ ಹೇಳಿದೆ.

ಕರುಳು ತೂತಾಗಿತ್ತು. ಆಪರೇಷನ್ ಮಾಡಿ ಅವಳನ್ನು ಉಳಿಸಿಕೊಟ್ಟರು. ಅವಳಿಗೆ ಎಚ್ಚರವಾಗುವ ಮೊದಲು ಡಾಕ್ಟರಮ್ಮ ನನ್ನನ್ನೂ ಭಾವನನ್ನೂ ಹೊರಗೆ ಕರೆದರು.

"ಸ್ಕ್ಯಾನಲ್ಲಿ ಗಡ್ಡೆ ಇನ್ನೂ ಕರಗಿದೆ. ಇಷ್ಟು ಚೆನ್ನಾಗಿ ಹಿಡಿದಿತ್ತು..."

"ಹಾಗಾದ್ರೆ ಮತ್ತೆ ಕೊಡಿ," ಎಂದೆ.

"ಕರುಳು ತೂತಾದ ಮೇಲೆ ಕೊಡೋ ಹಾಗಿಲ್ಲಮ್ಮ. ಕೊಟ್ರೆ ಆ ಔಷಧವೇ ಅವರ ಜೀವ ತೆಗೆಯತ್ತೆ."

"ಭೇದಿ ಶುರುವಾದಾಗಲೇ ಹೇಳಿದ್ದಿದ್ರೆ?"

"ಸ್ವಲ್ಪ ದಿನ ನಿಲ್ಲಿಸಿ, ಮಾತ್ರೆ ಕೊಟ್ಟು, ಹೊಟ್ಟೆ ಸರಿಹೋದ ಮೇಲೆ ಮತ್ತೆ ಶುರುಮಾಡಬಹುದಿತ್ತು. ಎಷ್ಟೋ ಜನಕ್ಕೆ ಹಾಗೆ ಮಾಡ್ತೀವಿ."

"ಬೇರೆ ದಾರಿ ಇಲ್ವಾ?" ಎಂದರು ಭಾವ. ಬೇರೆ ಕೀಮೋ ಇದೆ, ನೋಡೋಣ, ಎಂದರು ಡಾಕ್ಟರಮ್ಮ. ಬಟ್ಟೆ ಸಾಲುವುದಿಲ್ಲ ಎಂದು ಗೊತ್ತಿದ್ದೂ ಗಿರಾಕಿಗೆ ನಾವು ಹೇಳುವ 'ನೋಡೋಣ' ಅದು. ನನಗೆ ಯಾರ ಮೇಲೆ ಸಿಟ್ಟು ಮಾಡಬೇಕೋ ತಿಳಿಯಲಿಲ್ಲ. ಟೀಚರ್ ಮೇಲೆ? ಹೂಂ ಅಂದ ನನ್ನ ಮೇಲೆ? ಬದುಕಬೇಕೆಂಬ ಆಸೆಯೊಂದನ್ನು ಬಿಟ್ಟು ಅಕ್ಕ ಬೇರೇನು ತಪ್ಪು ಮಾಡಿದ್ದಳು?

ಮಾರನೆಯ ದಿನ ಅಕ್ಕನಿಗೆ ಮಾತು ಬಂತು.

"ಮುಂದಿನ ಡ್ರಿಪ್ ಯಾವಾಗಂತೆ?"

ಭಾವ ಕಿಟಕಿಯ ಕಡೆ ಮುಖ ಮಾಡಿದರು. ನಾನೇ ಹೇಳಬೇಕಾಯಿತು. "ಇನ್ನು ಕೊಡಲ್ವಂತೆ ಅಕ್ಕ."

ಅವಳು ಅಳಲಿಲ್ಲ. ನನ್ನನ್ನು ನೋಡಿದ ನೋಟ ಮಾತ್ರ ಇವತ್ತಿಗೂ ಸುಡುತ್ತದೆ. "ಹೇಳ್ಬೇಡ ಅಂದಿದ್ದೆ. ಕೈಮುಗಿಯೋದೊಂದು ಬಾಕಿ ಇತ್ತು. ನೀನು ಬಾಯಿ ಮುಚ್ಕೊಂಡಿದ್ದಿದ್ರೆ ಇನ್ನೂ ಕೊಡ್ತಿದ್ರು."

"ಹಾಗಲ್ವೇ, ಡಾಕ್ಟ್ರು ಹೇಳಿದ್ದು..." ಎಂದು ಭಾವ ಬಾಯಿ ತೆರೆದರು. ನಾನು ಅವರ ಕಾಲು ತುಳಿದೆ. ಇರುವಷ್ಟು ದಿನ ಅವಳು ನನ್ನನ್ನು ಶಪಿಸಿಕೊಂಡಿರಲಿ; ತನ್ನನ್ನೇ ಶಪಿಸಿಕೊಳ್ಳುವುದು ಬೇಡ.

"ಹೌದು ಅಕ್ಕ," ಎಂದೆ. "ನಾನು ಹೇಳದೇ ಇದ್ದಿದ್ರೆ ಕೊಡ್ತಿದ್ರು."

"ಆಚೆ ಹೋಗು. ನಿನ್ನ ಮುಖ ನೋಡೋಕಾಗಲ್ಲ."

ನಾನು ಆಚೆ ಹೋದೆ.