ಸಮಾಧಾನದ ಕೈ

ಬೇಕರಿಯವನ ಮನೆಯಲ್ಲಿ ಮಾತುಕತೆ ಶುರುವಾಗುತ್ತಿದ್ದುದೇ ಹಿಟ್ಟು ನಾದುವಾಗ. ನೀರು ಜಾಸ್ತಿಯಾಯಿತೆಂದು ಹೆಂಡತಿ ಗೊಣಗುವುದು, ಅವಳಿಗೆ ಉಪ್ಪಿನ ಅಂದಾಜೇ ಇಲ್ಲವೆಂದು ಗಂಡ ಛೇಡಿಸುವುದು, ಇಬ್ಬರನ್ನೂ ಗದರಿಸಿ ಮಗಳು ಹಿಟ್ಟನ್ನು ತನ್ನ ಕಡೆಗೆ ಎಳೆದುಕೊಳ್ಳುವುದು. ಈ ಸಲ ಗಂಡನ ಮನೆ ಬಿಟ್ಟು ಬಂದ ಮೇಲೆ ಮಗಳು ಎಡಗೈಯೊಂದರಲ್ಲೇ ನಾದುತ್ತಿದ್ದಳು. ಬಲಗೈ ಪ್ಲಾಸ್ಟರಿನೊಳಗಿತ್ತು. ಯಾರೂ ಯಾರನ್ನೂ ಛೇಡಿಸುತ್ತಿರಲಿಲ್ಲ.

ಆ ಕೈ ಮುರಿದವನು ಅಳಿಯ. ಎಲ್ಲರಿಗೂ ಗೊತ್ತು, ಆದರೆ ಯಾರೂ ಬಾಯಿಬಿಡುವ ಹಾಗಿಲ್ಲ. ಯಾಕೆ ಅಂತೀರಾ? ಅವರ ಚರ್ಚಿನ ಸಭೆಯಲ್ಲೊಂದು ಪದ್ಧತಿಯಿತ್ತು, 'ಸಮಾಧಾನದ ಕೈ' ಎಂದು. ಜಗಳವಾಡಿದವರನ್ನು ಭಾನುವಾರದ ಆರಾಧನೆಯಲ್ಲಿ ಮುಂದೆ ನಿಲ್ಲಿಸಿ, ಸಭಾ ಹಿರಿಯರೊಬ್ಬರು ಒಬ್ಬರ ಕೈಯನ್ನು ಇನ್ನೊಬ್ಬರ ಕೈಯಲ್ಲಿಡುವುದು. ಸಭೆ 'ಆಮೆನ್' ಅಂದರೆ ಕ್ಷಮೆಯಾಯಿತು, ಮುಗಿಯಿತು. ಆಮೇಲೆ ಆ ವಿಷಯ ಎತ್ತಿದವರೇ ಪಾಪಿಗಳು. ನೆರೆಹೊರೆಯವರು ಬೇಲಿಗಾಗಿ ಕಿತ್ತಾಡಿದಾಗ ಇದು ಒಳ್ಳೆಯದೇ ಮಾಡಿತ್ತು, ಸುಳ್ಳೇಕೆ ಹೇಳಲಿ. ಆದರೆ ಹೆಂಡತಿಯನ್ನು ಬಡಿಯುವವನಿಗೆ ಇದಕ್ಕಿಂತ ಒಳ್ಳೆಯ ಆಸರೆ ಬೇರೆಲ್ಲಿ ಸಿಕ್ಕೀತು?

ಮಗಳು ಹಿಂದೆಯೂ ಒಮ್ಮೆ ಊದಿದ ಕೆನ್ನೆ ಹೊತ್ತು ತವರಿಗೆ ಬಂದಿದ್ದಳು. ಆಗ ಅವಳ ಕೈಯನ್ನು ಅಳಿಯನ ಕೈಯಲ್ಲಿಟ್ಟ ಸಭಾ ಹಿರಿಯ ಬೇರೆ ಯಾರೂ ಅಲ್ಲ, ಬೇಕರಿಯವನೇ. ಅವಳು ಮುಷ್ಟಿ ಬಿಗಿ ಹಿಡಿದಿದ್ದಳು. ಇವನು ಬೆರಳು ಬಿಡಿಸಿ ಕೊಟ್ಟಿದ್ದ. ಆಮೆನ್ ಅಂದವರಲ್ಲಿ ಇವನದೇ ದೊಡ್ಡ ದನಿ. ಮತ್ತೆ ಏಟು ಬಿದ್ದಾಗ ಅವಳು ಫೋನ್ ಮಾಡಿದರೆ, "ಮುಗಿದದ್ದನ್ನ ಕೆದಕಬೇಡ ಕಣಮ್ಮ" ಅಂದಿದ್ದ. ಈಗ ಆ ಪ್ಲಾಸ್ಟರನ್ನು ಕಂಡಾಗಲೆಲ್ಲ ನೆಲ ಬಾಯಿಬಿಟ್ಟು ತನ್ನನ್ನು ನುಂಗಬಾರದೇ ಎನಿಸುತ್ತಿತ್ತು.

ಒಂದು ಸಂಜೆ ಪಾದ್ರಿಯವರೂ ಹಿರಿಯರಿಗೆಲ್ಲ ಹಿರಿಯರಾದ ನಿವೃತ್ತ ಹೆಡ್‌ಮಾಸ್ಟರೂ ಬಂದರು. ಹೆಡ್‌ಮಾಸ್ಟರು ಬನ್ನನ್ನು ಚಹಾದಲ್ಲಿ ಅದ್ದುತ್ತಾ, "ಈ ಭಾನುವಾರ ಕೈ ಸೇರಿಸಿಬಿಡೋಣ. ಹುಡುಗ ಅಳ್ತಾ ಇದಾನೆ ಕಣಯ್ಯ, ತುಂಬಾ ನೊಂದ್ಕೊಂಡಿದಾನೆ" ಅಂದರು.

"ಹೋದ ಸಲಾನೂ ಅತ್ತಿದ್ದ," ಬೇಕರಿಯವನ ಹೆಂಡತಿ ಒಳಗಿನಿಂದಲೇ ಹೇಳಿದಳು.

"ಕ್ಷಮಿಸೋಕೆ ಲೆಕ್ಕ ಇಡ್ತಾರೇನಮ್ಮ?" ಅಂದರು ಹೆಡ್‌ಮಾಸ್ಟರು.

ಮಗಳು ಬಾಗಿಲಿಗೆ ಬಂದಳು. "ಕ್ಷಮಿಸಲ್ಲ ಅಂತ ನಾನೆಲ್ಲಿ ಅಂದೆ ಸಾರ್? ಅದು ನನಗೂ ದೇವರಿಗೂ ಬಿಟ್ಟಿದ್ದು. ಕ್ಷಮಿಸೋದು ಬೇರೆ, ಅವನ ಮನೆಗೆ ಹೋಗಿ ಸಾಯೋದು ಬೇರೆ. ನೀವು ಕೇಳ್ತಿರೋದು ಕ್ಷಮೆ ಅಲ್ಲ, ನನ್ನ ಬಾಯಿ ಮುಚ್ಚಿಸೋಕೆ ಬಂದಿದೀರ."

"ನಾಲಿಗೆ ನೋಡಯ್ಯ ಇವಳದು!" ಹೆಡ್‌ಮಾಸ್ಟರು ಬೇಕರಿಯವನತ್ತ ತಿರುಗಿದರು. "ಸಭೆ ಅಂದ್ರೆ ಒಂದೇ ಕುಟುಂಬ. ಕೈ ಕೊಡದವಳಿಗೆ ಕರ್ತನ ಭೋಜನದ ರೊಟ್ಟಿ ಇಲ್ಲ, ನಾಳೆ ಸತ್ತರೆ ನಮ್ಮ ಮಣ್ಣೂ ಇಲ್ಲ. ಅವಳನ್ನ ಮನೇಲಿ ಇಟ್ಕೊಂಡವರಿಗೂ ಅಷ್ಟೇ. ಯೋಚನೆ ಮಾಡು."

ಪಾದ್ರಿಯವರು ಲೋಟವನ್ನೇ ನೋಡುತ್ತಿದ್ದರು. ಬೇಕರಿಯವನು ದೀಕ್ಷಾಸ್ನಾನ ಪಡೆದದ್ದು, ಮದುವೆಯಾದದ್ದು ಆ ಸಭೆಯಲ್ಲೇ. ಹೆತ್ತವಳು ಮಲಗಿರುವುದು ಆ ಮಣ್ಣಿನಲ್ಲೇ. "ಕರ್ಕೊಂಡು ಬರ್ತೀನಿ" ಅಂದುಬಿಟ್ಟ. ಥೂ! ಅಂದ ಮೇಲೆ ತನ್ನ ಬಾಯಿಗೆ ತಾನೇ ಹೊಡೆದುಕೊಳ್ಳಬೇಕೆನಿಸಿತು.

"ಬರ್ತೀನಪ್ಪ, ಅದು ನನ್ನ ಸಭೇನೂ ಹೌದು," ಅಂದಳು ಮಗಳು ಮೆಲ್ಲಗೆ. ಅವಳು ಕೂಗಾಡಿದ್ದರೆ ಎಷ್ಟೋ ವಾಸಿಯಿತ್ತು.

ಭಾನುವಾರ ಅಳಿಯ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹಾಡುವವರ ಸಾಲಿನಲ್ಲಿ ನಿಂತಿದ್ದ. ಅವನ ಕಂಠ ಚೆನ್ನ. ಅವನು ಹಾಡಿದರೆ ಮುದುಕಿಯರು ಕಣ್ಣೊರೆಸಿಕೊಳ್ಳುತ್ತಿದ್ದರು. ಹಾಡು ಮುಗಿಸಿ ಮುಂದೆ ಬಂದು ಕೈ ಚಾಚಿದ. ಮಗಳೂ ಎದ್ದು ಹೋಗಿ ನಿಂತಳು. ಹೆಡ್‌ಮಾಸ್ಟರು ಪ್ಲಾಸ್ಟರನ್ನು ನೋಡಿ ಒಂದು ಗಳಿಗೆ ತಡವರಿಸಿದರು. ಆಮೇಲೆ, "ಎಡಗೈ ಆದ್ರೂ ಪರವಾಗಿಲ್ಲಮ್ಮ" ಅಂದರು. ಅಷ್ಟು ಜನರಲ್ಲಿ ಒಬ್ಬರಿಗೂ ನಾಚಿಕೆಯಾಗಲಿಲ್ಲ!

"ಬಾರಯ್ಯ, ಅಪ್ಪನ ಕೈಯಿಂದಲೇ ಆಗ್ಲಿ," ಎಂದು ಬೇಕರಿಯವನನ್ನು ಕರೆದರು.

ಬೇಕರಿಯವನು ಎದ್ದ. ಮಗಳು ಎಡಗೈಯನ್ನು ಬೆನ್ನ ಹಿಂದೆ ಅಡಗಿಸಿಕೊಂಡಿದ್ದಳು. ಅವಳು ನೋಡುತ್ತಿದ್ದುದು ಗಂಡನನ್ನಲ್ಲ, ಅಪ್ಪನನ್ನು. ಆ ಕಣ್ಣಿನ ಹೆದರಿಕೆ ತನ್ನನ್ನು ಕಂಡೇ ಹುಟ್ಟಿದ್ದು ಎಂದು ಅವನಿಗೆ ಆಗ ತಿಳಿಯಿತು. ಹೆತ್ತ ಮಗಳೇ ಹೆದರುವಂಥ ಅಪ್ಪನಾಗುವುದಕ್ಕಿಂತ ಅವಮಾನ ಉಂಟೇ?

ಅವನು ಹೋಗಿ ಇಬ್ಬರ ನಡುವೆ ನಿಂತ. "ನಾನು ಕೊಡಲ್ಲ."

"ಏನಂದೆ?"

"ಹೋದ ಸಲ ಬೆರಳು ಬಿಡಿಸಿ ಕೊಟ್ಟವನು ನಾನೇ. ಮುರಿದು ವಾಪಸ್ ಬಂತು. ಹೊಡೆಯೋನಿಗೆ ಧೈರ್ಯ ಕೊಟ್ಟವರು ನಾವೇ ಸಾರ್. ನೀವು, ನಾನು, ಇಲ್ಲಿ ಕೂತಿರೋರೆಲ್ಲ. ಹೊರಗೆ ಹಾಕೋದಾದ್ರೆ ನನ್ನನ್ನ ಹಾಕಿ." ಆಮೇಲೆ ಮಗಳ ಕಡೆ ತಿರುಗಿ ತನ್ನ ಕೈ ಚಾಚಿದ. "ತಪ್ಪಾಯ್ತು ಕಣಮ್ಮ. ನನ್ನ ಕ್ಷಮಿಸು."

ಮಗಳು ಆ ಕೈಯನ್ನು ನೋಡಿದಳು, ಮುಟ್ಟಲಿಲ್ಲ.

"ಈಗ ಆಗಲ್ಲಪ್ಪ. ಯಾವಾಗ ಆಗುತ್ತೋ ಗೊತ್ತೂ ಇಲ್ಲ."

"ನೋಡಿದ್ರಾ! ಹೆತ್ತ ಅಪ್ಪನಿಗೇ..." ಹೆಡ್‌ಮಾಸ್ಟರು ಶುರುಮಾಡಿದರು.

"ಸುಮ್ನಿರಿ ಸಾರ್," ಬೇಕರಿಯವನು ಕೈ ಕೆಳಗಿಳಿಸಿದ. "ಅವಳಿಗೆ ಆದಾಗ ಆಗ್ಲಿ. ಆಗದೇ ಇದ್ರೂ ಅವಳು ನನ್ನ ಮಗಳೇ."

ಅಳಿಯ ಚಾಚಿದ ಕೈಯನ್ನು ಏನು ಮಾಡಬೇಕೆಂದು ತಿಳಿಯದೆ ಜೇಬಿಗೆ ಹಾಕಿಕೊಂಡ. ಮಗಳು ಹೊರಗೆ ಹೋಗುತ್ತಾಳೆಂದು ಎಲ್ಲರೂ ದಾರಿ ಬಿಟ್ಟರು. ಅವಳು ಹೋಗಲಿಲ್ಲ. ನೇರ ಮೊದಲನೆಯ ಬೆಂಚಿಗೆ ಬಂದಳು. ಅಲ್ಲಿದ್ದ ಹೆಂಗಸು ಅತ್ತಿತ್ತ ನೋಡಿ, ತಲೆ ತಗ್ಗಿಸಿ, ಸರಿದು ಜಾಗ ಕೊಟ್ಟಳು. ಮಗಳು ಕೂತಳು. ಬೇಕರಿಯವನು ಮಾತ್ರ ತಾನು ಎಲ್ಲಿ ಕೂರಬೇಕೆಂದು ತಿಳಿಯದೆ ಅಲ್ಲೇ ನಿಂತಿದ್ದ.